ನೆಲದೊಳಗೆ ಹಾರಿದ ವಿಮಾನ

ಬಹಳ ದಿನದ ಮೇಲೆ ಬರೆಯಲು ಕೂತಿದ್ದೀನಿ, ಬೈಯಬೇಡಿ. ತೊಗರಿ ರಾಶಿ, ಮದುವೆ ಮುಂಜಿ, ಕರೆಂಟು.. ನೆಪಗಳಿಗೆ ನಮ್ಮ ಕಡೆ ಬರವಿಲ್ಲ. ಇವತ್ತಿನ ವಿಷಯ ನಮ್ಮ ಮನೆ ಮಾಳಿಗೆ ಮೇಲಿನ ಆಂಟೆನಾ ಮತ್ತು ಅದು ಹೇಳಿದ ಸುಳ್ಳು. ಸುಳ್ಳು ಹೇಳಿದ್ದು ಆಂಟೆನಾ ಅಲ್ಲ, ನಾನು ಅಂತ ಗೊತ್ತಾಗಲು ಸುಮಾರು ದಿನ ಹಿಡಿಯಿತು.

ಈ ಹವ್ಯಾಸದ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ವಿಮಾನಗಳು ತಾವು ಯಾರು, ಎಲ್ಲಿದ್ದೇವೆ, ಎಷ್ಟು ಎತ್ತರದಲ್ಲಿದ್ದೇವೆ ಅಂತ 1090 ಮೆಗಾಹರ್ಟ್ಸ್‌ನಲ್ಲಿ ತಾವೇ ಸಾರಿಕೊಂಡು ಹೋಗುತ್ತವೆ. ಇದಕ್ಕೆ ಎಡಿಎಸ್-ಬಿ ಅಂತ ಹೆಸರು. ಮೊದಲು ಇದನ್ನು ಕೇಳಿಸಿಕೊಳ್ಳಲು ದುಬಾರಿ ಯಂತ್ರ ಬೇಕಿತ್ತು. ಟಿವಿ ನೋಡಲು ಮಾಡಿದ ಪುಟ್ಟ ಯುಎಸ್‌ಬಿ ಡಾಂಗಲ್‌ನಿಂದ ಬೇರೆ ರೇಡಿಯೋ ಸಂಕೇತಗಳನ್ನೂ ಹಿಡಿಯಬಹುದು ಅಂತ 2012ರ ಹೊತ್ತಿಗೆ ಎಲ್ಲರಿಗೂ ಗೊತ್ತಾಯಿತು. ಅದೇ ವರ್ಷ ಇಟಲಿಯ ಸಾಲ್ವತೋರೆ ಸಾನ್‌ಫಿಲಿಪ್ಪೊ ಡಂಪ್1090 ಅನ್ನೋ ಪ್ರೋಗ್ರಾಂ ಬರೆದು ಎಲ್ಲರಿಗೂ ಹಂಚಿದ. ಆಮೇಲೆ ನಮ್ಮಂಥವರ ಸುಗ್ಗಿ. ನಾನು 6.9 ಸೆಂಟಿಮೀಟರ್ ತಂತಿ ಕತ್ತರಿಸಿ ಆಂಟೆನಾ ಮಾಡಿ, ಡಿಶ್ ಕೇಬಲ್‌ಗೆ ಕಟ್ಟಿ, ಸೇಡಂನ ಮನೆ ಮೇಲೆ ನಿಲ್ಲಿಸಿದೆ. ಗೆರೆ ಎಳೆದಂತೆ ಹೋದರೆ ಶಂಷಾಬಾದ್ ನಿಲ್ದಾಣ ಇಲ್ಲಿಂದ ನೂರಿಪ್ಪತ್ತು ಕಿಲೋಮೀಟರ್ ಆಸುಪಾಸು. ನೋಡೋಕೆ ವಿಮಾನಗಳಿಗೇನು ಕಡಿಮೆ?

ಈಗ ಕಥೆಗೆ ಬರ್ತೀನಿ. ಮೇ 2025. ಆಪರೇಷನ್ ಸಿಂಧೂರ ನಡೆದು ಎರಡು ಮೂರು ದಿನ ಆಗಿತ್ತು. ಉತ್ತರ ಮತ್ತು ಪಶ್ಚಿಮ ಭಾರತದ 32 ವಿಮಾನ ನಿಲ್ದಾಣ ಮುಚ್ಚಿದ್ದರು. ಅಣಕು ಕಾರ್ಯಾಚರಣೆಗೆ ಆರಿಸಿದ ಊರುಗಳ ಪಟ್ಟಿಯಲ್ಲಿ ನಮ್ಮ ಪಕ್ಕದ ರಾಯಚೂರೂ ಇತ್ತು. ಟಿವಿಯಲ್ಲಿ ದಿನವಿಡೀ ಸೈರನ್ ಸದ್ದು. ರಜೆಗೆ ಬಂದಿದ್ದ ತಂಗಿ ಮಗ ನನ್ನ ಲ್ಯಾಪ್‌ಟಾಪ್ ಮುಂದೆ ಕೂತಿದ್ದ. ನಕ್ಷೆಯ ಮೇಲೆ ಚಿಂಚೋಳಿ ಕಾಡಿನ ಹತ್ತಿರ ಒಂದು ವಿಮಾನ ಮೂಡಿತು. ಹೆಸರಿಲ್ಲ, ವೇಗ ಇಲ್ಲ, ಎತ್ತರ 775 ಅಡಿ. ಹುಡುಗ ಮೊಬೈಲಿನಲ್ಲಿ ಫೋಟೋ ತೆಗೆದು ಗೆಳೆಯರ ಗುಂಪಿಗೆ ಹಾಕಿದ. ನನಗೆ ಗೊತ್ತೇ ಇಲ್ಲ.

ರಾತ್ರಿ ಚಿಂಚೋಳಿಯಿಂದ ತಂಗಿ ಫೋನು. "ಅಣ್ಣಾ, ನಮ್ಮ ಕಡಿ ಏನೋ ವಿಮಾನ ಬಂದದಂತ, ಖರೇ ಏನು? ಲೈಟ್ ಆರಸ್ರಿ ಅಂತ ಹೇಳಲತ್ತಾರ." ಅವಳಿಗೆ ಬಂದ ಚಿತ್ರ ನನಗೆ ಕಳಿಸಿದಳು. ನೋಡಿದರೆ ನನ್ನದೇ ಪರದೆ! ಮೂಲೆಯಲ್ಲಿ ನನ್ನ ಚಹಾ ಲೋಟ ಕೂಡ ಕಾಣುತ್ತಿತ್ತು. ಮೇ ತಿಂಗಳ ಆ ಸೆಕೆಯಲ್ಲಿ ದಿನಾ ಮಾಳಿಗೆ ಮೇಲೆ ಮಲಗುವ ಮಂದಿ, ಅವಳ ಅತ್ತೆ ಮಕ್ಕಳು ಸಮೇತ, ಒಳಗೆ ಹೋಗಿ ಕದ ಹಾಕಿಕೊಂಡಿದ್ದರು. ಬೀದರ್ ವಾಯುನೆಲೆ ಅಲ್ಲಿಂದ ಐವತ್ತು ಕಿಲೋಮೀಟರ್ ಚಿಲ್ಲರೆ, ಹೀಗಾಗಿ ನಂಬೋದು ಕಷ್ಟವೇನಲ್ಲ. "ಅದು ನಮ್ಮ ಮಿಷನ್ ತಪ್ಪು" ಅಂತ ನಾನು ಬರೆದು ಕಳಿಸಿದೆ. ಅದನ್ನು ಮಾತ್ರ ಯಾರೂ ಮುಂದಕ್ಕೆ ಕಳಿಸಲಿಲ್ಲ ನೋಡ್ರಿ.

775 ಅಡಿ ಅಂದೆನಲ್ಲ. ವಿಮಾನ ಹೇಳುವ ಎತ್ತರ ಸುಮಾರಾಗಿ ಸಮುದ್ರಮಟ್ಟದ ಲೆಕ್ಕದ್ದು. ನಮ್ಮ ಚಿಂಚೋಳಿಯ ನೆಲವೇ ಸಮುದ್ರಮಟ್ಟಕ್ಕಿಂತ ಸಾವಿರದ ಇನ್ನೂರು ಅಡಿಗೂ ಮೇಲಿದೆ. ಅಂದರೆ ಆ ವಿಮಾನ ಹಾರುತ್ತಿದ್ದದ್ದು ನೆಲದೊಳಗೆ! ಒಂದು ನಿಮಿಷ ಕೂತು ಕಳೆಯುವ ಲೆಕ್ಕ ಮಾಡಿದ್ದರೆ ಸಾಕಿತ್ತು.

ಮರುದಿನದಿಂದ ಕಾರಣ ಹುಡುಕಲು ಶುರು ಮಾಡಿದೆ. ಕೇಳಿದವರೆಲ್ಲ ಒಂದೇ ಉತ್ತರ ಕೊಟ್ಟರು: "ಸಿಮೆಂಟ್ ಫ್ಯಾಕ್ಟರಿ ಗೋಪುರಕ್ಕ ಬಡಿದು ಸಿಗ್ನಲ್ ವಾಪಸ್ ಬರ್ತದ." ನಮ್ಮ ಕಡೆ ಕೆಮ್ಮು ಬಂದರೂ ಬೆಳೆ ಒಣಗಿದರೂ ಫ್ಯಾಕ್ಟರಿಯ ಹೆಸರು ಮೊದಲು ಬರುತ್ತದೆ, ಎಷ್ಟೋ ಸಲ ಸುಮ್ಮನೆ ಬರುವುದಿಲ್ಲ. ನಾನೂ ನಂಬಿದೆ. ಪೆಟ್ಟಿಗೆ ಕಟ್ಟಿಕೊಂಡು ಊರೂರು ತಿರುಗಿದೆ. ವಾಡಿಯಲ್ಲಿ ರೈಲ್ವೆಯಲ್ಲಿರುವ ಗೆಳೆಯನ ಮನೆ ಮೇಲಿಟ್ಟೆ. ಪಕ್ಕದಲ್ಲೇ ಮೊಬೈಲ್ ಟವರ್, ನಿಜವಾದ ವಿಮಾನಗಳೇ ಅರ್ಧಕ್ಕರ್ಧ ಕಾಣಲಿಲ್ಲ. ಶಹಾಬಾದಿನಲ್ಲಿ ಮಳೆ ಬಂತು ಅಂತ ಆಂಟೆನಾ ಒಳಗಿಟ್ಟೆ. ಮೇಲೆ ಪರಸಿಯ ಮಾಳಿಗೆ, ಕಲ್ಲು ದಾಟಿ ಬರುವುದೇನು? ಏನೂ ಬರಲಿಲ್ಲ. ಚಿತ್ತಾಪುರದಲ್ಲಿ ಕರೆಂಟೇ ಇರಲಿಲ್ಲ, ಊಟ ಮಾಡಿ ಬಂದೆ. ಕೊನೆಗೆ ಚಿಂಚೋಳಿಗೆ ಹೋಗಿ ತಂಗಿಯ ಮಾಳಿಗೆ ಮೇಲೆ ನಿಲ್ಲಿಸಿದೆ. ಅಲ್ಲಿ ಸುತ್ತ ಯಾವ ಗೋಪುರವೂ ಇಲ್ಲ. ಆದರೆ ದೆವ್ವದ ವಿಮಾನಗಳು ಅಲ್ಲೂ ಬಂದವು, ಸೇಡಂನಲ್ಲಿ ಬಂದಷ್ಟೇ. ಫ್ಯಾಕ್ಟರಿ ಅಂದು ಖುಲಾಸೆ ಆಯಿತು.

ಯೋಚಿಸಿದರೆ ಆಗುವುದೂ ಹಾಗೆಯೇ. ರಾಡಾರ್ ವಿಮಾನದ ಜಾಗವನ್ನು ಸಂಕೇತ ಯಾವ ದಿಕ್ಕಿನಿಂದ, ಎಷ್ಟು ಹೊತ್ತಿನಲ್ಲಿ ಬಂತು ಅನ್ನುವುದರಿಂದ ಲೆಕ್ಕ ಹಾಕುತ್ತದೆ. ಗೋಡೆಗೆ ಬಡಿದು ಬಂದರೆ ಅದು ಮೋಸ ಹೋಗಬಹುದು. ಇಲ್ಲಿ ಜಾಗವನ್ನು ವಿಮಾನವೇ ಹೇಳುತ್ತದೆ. ಬಡಿದು ಬಂದರೂ ಅದೇ ಮಾತು ಚೂರು ತಡವಾಗಿ ಬರುತ್ತದೆ. ಒಂದರ ಮೇಲೊಂದು ಬಿದ್ದು ಮಾತು ಕೆಡಬಹುದು, ಆದರೆ ಗೋಪುರ ಹೊಸ ವಿಮಾನ ಹುಟ್ಟಿಸುವುದಿಲ್ಲ.

ಹಾಗಾದರೆ ಹುಟ್ಟಿಸುವವರು ಯಾರು? ಒಂದು ಪೂರ್ಣ ಸಂದೇಶದಲ್ಲಿ 112 ಬಿಟ್ ಇರುತ್ತವೆ. ಕೊನೆಯ 24 ಬಿಟ್ ತಾಳೆ ನೋಡಲಿಕ್ಕೆ. ಅಡತಿ ಅಂಗಡಿಯ ಪಟ್ಟಿಯ ಕೊನೆಯಲ್ಲಿ ಮೊತ್ತ ಬರೆದ ಹಾಗೆ, ಮೇಲಿನದನ್ನು ಕೂಡಿಸಿ ಮೊತ್ತ ಸರಿ ಬಂದರೆ ಪಟ್ಟಿ ಸರಿ. ಬರೀ ಗದ್ದಲ ಆಕಸ್ಮಿಕವಾಗಿ ತಾಳೆಯಾಗುವ ಸಾಧ್ಯತೆ 1 ಕೋಟಿ 67 ಲಕ್ಷದಲ್ಲಿ ಒಂದು. ಆದರೆ ಪ್ರೋಗ್ರಾಮಿನಲ್ಲಿ ಒಂದು ಸೌಲಭ್ಯ ಉಂಟು: ತಾಳೆ ಆಗದಿದ್ದರೆ ಒಂದು ಬಿಟ್ ತಿರುಗಿಸಿ ನೋಡು. 112 ಬಿಟ್‌ಗಳಲ್ಲಿ ಯಾವುದನ್ನಾದರೂ ತಿರುಗಿಸಬಹುದು ಅಂದ ಕೂಡಲೇ ಸಾಧ್ಯತೆ ಸುಮಾರು ಒಂದೂವರೆ ಲಕ್ಷದಲ್ಲಿ ಒಂದಕ್ಕೆ ಇಳಿಯಿತು. ಇನ್ನೂ ದುರಾಸೆಯವರಿಗೆ ಎರಡು ಬಿಟ್ ತಿರುಗಿಸುವ ಸೌಲಭ್ಯವೂ ಇದೆ. ಎರಡೆರಡರ ಜೋಡಿಗಳೇ 6,216. ಈಗ ಸಾಧ್ಯತೆ ಎಷ್ಟು ಗೊತ್ತಾ? ಸುಮಾರು 2,650ರಲ್ಲಿ ಒಂದು! ಸೆಕೆಂಡಿಗೆ ಇಪ್ಪತ್ತು ಲಕ್ಷ ಸಲ ಅಳತೆ ಮಾಡುವ ಯಂತ್ರಕ್ಕೆ 2,650 ಯಾವ ಲೆಕ್ಕ? ಮೊತ್ತ ಹೊಂದುವವರೆಗೂ ಮೇಲಿನ ಅಂಕಿ ತಿದ್ದುವ ಗುಮಾಸ್ತನನ್ನು ನಾನೇ ಕೆಲಸಕ್ಕೆ ಇಟ್ಟುಕೊಂಡಿದ್ದೆ.

ಯಾಕೆ ಇಟ್ಟುಕೊಂಡಿದ್ದೆ? ಹೇಳಲು ನಾಚಿಕೆ. ಹೈದರಾಬಾದಿನ ಒಬ್ಬ ಗೆಳೆಯನಿಗೆ ದಿನಕ್ಕೆ ನನಗಿಂತ ಹೆಚ್ಚು ವಿಮಾನ ಬೀಳುತ್ತಿದ್ದವು. ಅದಕ್ಕೇ ಎರಡು ಬಿಟ್ ತಿದ್ದುವಿಕೆ ಹಚ್ಚಿದೆ, ಗೇನ್ ಅನ್ನು ಪೂರ್ತಿ 49.6ಕ್ಕೆ ಏರಿಸಿದೆ. ಸಂಖ್ಯೆ ಏರಿತು. ಖುಷಿಯಾಯಿತು.

ಇನ್ನೊಂದು ಪ್ರಶ್ನೆ ಉಳಿದಿತ್ತು. ಬರೀ ಗದ್ದಲದಿಂದ ಹುಟ್ಟಿದ ವಿಮಾನ ಅಂಟಾರ್ಕ್ಟಿಕಾದಲ್ಲೋ ಬ್ರೆಜಿಲ್‌ನಲ್ಲೋ ಕಾಣಬೇಕಲ್ಲ, ನಮ್ಮ ಚಿಂಚೋಳಿಗೇ ಯಾಕೆ ಬಂತು? ಜಾಗ ಉಳಿಸಲು ವಿಮಾನ ತನ್ನ ಸ್ಥಳವನ್ನು ಪೂರ್ತಿ ಹೇಳುವುದಿಲ್ಲ. ಸರ್ವೆ ನಂಬರ್ ಹೇಳಿ ಊರ ಹೆಸರು ಬಿಟ್ಟ ಹಾಗೆ. ಸರ್ವೆ ನಂಬರ್ 40 ಸೇಡಂನಲ್ಲೂ ಇರುತ್ತದೆ, ಚಿತ್ತಾಪುರದಲ್ಲೂ ಇರುತ್ತದೆ. ಸಮ ಮತ್ತು ಬೆಸ ಅಂತ ಎರಡು ಬಗೆಯ ಸಂದೇಶ ಜೊತೆಗೆ ಸಿಕ್ಕರೆ ಮಾತ್ರ ಊರು ಗೊತ್ತಾಗುತ್ತದೆ. ಆದರೆ ನಿಮ್ಮ ಮನೆಯ ಅಕ್ಷಾಂಶ ರೇಖಾಂಶ ಮೊದಲೇ ಕೊಟ್ಟಿದ್ದರೆ ಪ್ರೋಗ್ರಾಂ ಒಂದೇ ಸಂದೇಶ ಸಾಕು ಅಂದುಕೊಂಡು ಹತ್ತಿರದ ಊರನ್ನೇ ಆರಿಸುತ್ತದೆ. ಹಾಗಾಗಿ ಒಂದು ಕೆಟ್ಟ ಸಂದೇಶ ಬಂದರೂ ದೆವ್ವ ನಮ್ಮ ಸುತ್ತಮುತ್ತಲೇ ಮೂಡುತ್ತದೆ. ಬ್ರೆಜಿಲ್‌ನಲ್ಲಿ ಮೂಡಿದ್ದರೆ ನಕ್ಕು ಬಿಡುತ್ತಿದ್ದೆವು.

ನನ್ನ ಅಭಿಪ್ರಾಯ ಇಷ್ಟು. ಎರಡು ಬಿಟ್ ತಿದ್ದುವಿಕೆಯನ್ನು ಹವ್ಯಾಸಿಗಳು ಯಾರೂ ಬಳಸಬಾರದು, ಬಳಸಿದರೂ ಅದರ ಫಲವನ್ನು ಮನೆ ಹೊರಗೆ ಹಂಚಬಾರದು. ಒಂದೇ ಸಂದೇಶ ಕಳಿಸಿ ಮಾಯವಾದ ವಿಮಾನವನ್ನು ನಕ್ಷೆಯ ಮೇಲೆ ಬಿಡಿಸಲೇಬಾರದು. ನಿಜವಾದ ವಿಮಾನ ತನ್ನ ಜಾಗವನ್ನು ಸೆಕೆಂಡಿಗೆ ಎರಡು ಸಲ ಹೇಳುತ್ತದೆ, ಒಂದು ನಿಮಿಷ ಕಾದರೆ ಕಳೆದುಕೊಳ್ಳುವುದೇನಿಲ್ಲ. ಭೂಮಿ ಗುಂಡಗಿದೆ ಅನ್ನೋದೂ ನೆನಪಿರಲಿ. 38 ಸಾವಿರ ಅಡಿ ಎತ್ತರದ ವಿಮಾನ ಹೆಚ್ಚೆಂದರೆ 450 ಕಿಲೋಮೀಟರ್‌ನಿಂದ ಕಾಣಬಹುದು, ಸಾವಿರ ಅಡಿಯಲ್ಲಿರುವುದು ನೂರು ಕಿಲೋಮೀಟರ್‌ನಿಂದಲೂ ಕಾಣದು. ಭಾರತದ ವಿಮಾನಗಳ ವಿಳಾಸ 80ರಿಂದ 83ರವರೆಗಿನ ಅಂಕಿಗಳಿಂದ ಶುರುವಾಗುತ್ತದೆ. ಯಾವುದೋ ದೇಶದ ವಿಳಾಸ ಹೊತ್ತ ವಿಮಾನ ಶಹಾಬಾದಿನ ಮೇಲೆ ಎರಡು ಸಾವಿರ ಅಡಿಯಲ್ಲಿದ್ದರೆ ಮೊದಲು ನಿಮ್ಮ ಯಂತ್ರವನ್ನು ಅನುಮಾನಿಸಿ.

"ಹವ್ಯಾಸ ಅಲ್ಲವೇ, ಇಷ್ಟು ಬಿಗಿ ಯಾಕೆ? ದೂರದ ನಿಜವಾದ ವಿಮಾನವೂ ಬಿಟ್ಟುಹೋಗುತ್ತದಲ್ಲ" ಅಂತ ಆ ಹೈದರಾಬಾದಿನ ಗೆಳೆಯ ಕೇಳಿದ. ಹೌದು, ಬಿಟ್ಟುಹೋಗುತ್ತವೆ. ಬಿಟ್ಟುಹೋದ ವಿಮಾನದಿಂದ ಯಾರೂ ಸೆಕೆಯಲ್ಲಿ ಕದ ಹಾಕಿಕೊಂಡು ಮಲಗುವುದಿಲ್ಲ.

ಇದರ ಉಲ್ಟಾ ತಪ್ಪೂ ಉಂಟು. ಕಲಬುರಗಿ ವಿಮಾನ ನಿಲ್ದಾಣ 2019ರ ನವೆಂಬರ್ 22ರಂದು ಉದ್ಘಾಟನೆಯಾಯಿತು. 2021ರಲ್ಲಿ ವಿಮಾನ ಹಾರಾಟ ತರಬೇತಿ ಶಾಲೆಗಳಿಗೆ ಆರಿಸಿದ ಐದು ನಿಲ್ದಾಣಗಳಲ್ಲಿ ಅದೂ ಒಂದು. ಸಣ್ಣ ವಿಮಾನಗಳೆಲ್ಲ ತಮ್ಮ ಜಾಗ ಸಾರಿಕೊಂಡು ಹೋಗುವುದಿಲ್ಲ. ಕಣ್ಣಿಗೆ ಕಂಡ ವಿಮಾನ ನಕ್ಷೆಯಲ್ಲಿ ಇಲ್ಲ ಅಂತ "ಗುರುತಿಲ್ಲದ್ದು" ಅನ್ನುವುದೂ ಅಷ್ಟೇ ಮೂರ್ಖತನ. ಇನ್ನು ಜಿಪಿಎಸ್ ಮೋಸದ ವಿಷಯ ಬೇರೆಯೇ. ನವೆಂಬರ್ 2023ರಿಂದ ಫೆಬ್ರುವರಿ 2025ರವರೆಗೆ ಗಡಿ ಭಾಗದಲ್ಲಿ, ಹೆಚ್ಚಾಗಿ ಅಮೃತಸರ ಮತ್ತು ಜಮ್ಮು ಸುತ್ತ, ಇಂಥ 465 ಘಟನೆ ವರದಿಯಾಗಿವೆ ಅಂತ ಸರ್ಕಾರವೇ ಸಂಸತ್ತಿಗೆ ಹೇಳಿದೆ. ಅಲ್ಲಿ ಸಂದೇಶ ಸರಿಯಾಗಿಯೇ ತಾಳೆಯಾಗುತ್ತದೆ, ವಿಮಾನವೇ ತನ್ನ ಜಾಗದ ಬಗ್ಗೆ ಮೋಸ ಹೋಗಿರುತ್ತದೆ. ಒಂದಲ್ಲ, ಹಲವು ವಿಮಾನ ಒಟ್ಟಿಗೆ ಜಿಗಿದರೆ ಅದನ್ನು ಅನುಮಾನಿಸಬೇಕು. ನನ್ನ ದೆವ್ವಗಳಿಗೆ ಆ ಗೌರವ ಕೊಡಲಾರೆ.

ಈಗ ತಿದ್ದುವಿಕೆ ಪೂರ್ತಿ ತೆಗೆದಿದ್ದೀನಿ. ಗೇನ್ 38.6ಕ್ಕೆ ಇಳಿಸಿದೆ. ತಮಾಷೆ ಅಂದರೆ ಇಳಿಸಿದ ಮೇಲೆ ದೂರದ ವಿಮಾನಗಳು ಮೊದಲಿಗಿಂತ ಚೆನ್ನಾಗಿ ಬೀಳುತ್ತಿವೆ. ಮೊಬೈಲ್ ಟವರಿನ ಕೂಗಿಗೆ ಡಾಂಗಲ್ ಕಿವುಡಾಗಿತ್ತು ಅಂತ ಕಾಣುತ್ತದೆ. ದಿನದ ಲೆಕ್ಕದಲ್ಲಿ ಮಾತ್ರ ಕಡಿಮೆ ತೋರಿಸುತ್ತದೆ, ಹೈದರಾಬಾದಿನವನು ಗೆದ್ದ. ಗೆಲ್ಲಲಿ.

ದಸರೆಗೆ ತಂಗಿ ಮಗ ಮತ್ತೆ ಬಂದಿದ್ದ. ನಕ್ಷೆಯಲ್ಲಿ ಕಾಳಗಿ ಕಡೆ ಒಂದು ಹೊಸ ವಿಮಾನ ಮೂಡಿತು. ಮೊಬೈಲ್ ಕೈಗೆತ್ತಿಕೊಂಡವನು ಅಲ್ಲೇ ತಡೆದು ಕೇಳಿದ, "ಮಾಮಾ, ಇದು ಎಷ್ಟು ಮೆಸೇಜ್ ಕಳಿಸ್ಯಾದ?"

ನೋಡಿದೆ. ನಾಲ್ಕುನೂರ ಹನ್ನೆರಡು.