ಹೊರನಾಡಿನ ಸಂಶೋಧನೆಗೆ ಹೊರಡುವ ಮುನ್ನ

ಪಿಎಚ್.ಡಿ. ಪದವಿಗಾಗಿ ಪರದೇಶಕ್ಕೆ ತೆರಳುವ ವಿದ್ಯಾರ್ಥಿಯ ಸಿದ್ಧತೆ ಎಂದೊಡನೆ ನಮಗೆ ನೆನಪಾಗುವುದು ಕಾಗದಪತ್ರಗಳ ಪಟ್ಟಿ. ಇಂಗ್ಲಿಷ್ ಪರೀಕ್ಷೆಯ ಅಂಕ, ಮೂವರ ಶಿಫಾರಸು ಪತ್ರ, ಉದ್ದೇಶ ನಿರೂಪಣೆ, ಬ್ಯಾಂಕಿನ ದಾಖಲೆ, ವೀಸಾ. ಇಷ್ಟೂ ಕೈಗೂಡಿದ ಮೇಲೆ ಮಾಮೂಲ್‌ಪೇಟೆ, ಚಿಕ್ಕಪೇಟೆಗಳ ಓಣಿಗಳಲ್ಲಿ ಸೂಟ್‌ಕೇಸು, ಸ್ವೆಟರು, ಪುಟ್ಟ ಕುಕ್ಕರುಗಳ ಖರೀದಿ. ಇದರಲ್ಲಿ ತಪ್ಪೇನಿಲ್ಲ. ಆದರೆ ಕನ್ನಡ ಸಾಹಿತ್ಯ, ಜೈನ ಅಧ್ಯಯನ, ದಕ್ಷಿಣ ಭಾರತದ ಇತಿಹಾಸ ಇವುಗಳಲ್ಲಿ ಒಂದನ್ನು ವಿಷಯವಾಗಿ ಆಯ್ದುಕೊಂಡವರ ನಿಜವಾದ ಸಿದ್ಧತೆ ಈ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಅದನ್ನು ಇಲ್ಲಿಯೇ, ಹೊರಡುವ ಮುನ್ನವೇ ಮಾಡಿಕೊಳ್ಳಬೇಕು ಎಂಬುದು ನನ್ನ ವಾದ.

ನಮ್ಮ ಹಿರಿಯರ ಉದಾಹರಣೆಗಳನ್ನು ನೋಡಬಹುದು. ಎ.ಎನ್. ನರಸಿಂಹಯ್ಯನವರು ಲಂಡನ್ ವಿಶ್ವವಿದ್ಯಾನಿಲಯದ ಪಿಎಚ್.ಡಿ. ಪದವಿಗಾಗಿ ಆರಿಸಿಕೊಂಡ ವಿಷಯ ಅತಿ ಪ್ರಾಚೀನ ಕನ್ನಡ ಶಾಸನಗಳ ವ್ಯಾಕರಣ. ಆ ಗ್ರಂಥವನ್ನು ಮೈಸೂರು ವಿಶ್ವವಿದ್ಯಾನಿಲಯ 1941ರಲ್ಲಿ ಪ್ರಕಟಿಸಿತು. ಭಾಷಾಶಾಸ್ತ್ರದ ವಿಧಾನವನ್ನು ಅವರು ಅಲ್ಲಿ ಕಲಿತಿರಬಹುದು. ಶಾಸನಗಳು ಮಾತ್ರ ಇಲ್ಲಿನವು. ಬಿ.ಎಲ್. ರೈಸ್ 1886ರಲ್ಲಿ ಆರಂಭಿಸಿದ ಎಪಿಗ್ರಾಫಿಯಾ ಕರ್ನಾಟಿಕ ಮಾಲೆಯಂಥ ದೊಡ್ಡ ಉದ್ಯಮಗಳು ಹಾಕಿಕೊಟ್ಟ ತಳಹದಿಯಿಲ್ಲದೆ ಅಂಥ ಮಹಾಪ್ರಬಂಧವನ್ನು ಊಹಿಸುವುದೂ ಕಷ್ಟ.

ಮೈಸೂರಿನ ಎಂ.ಎನ್. ಶ್ರೀನಿವಾಸ್ 1945ರಲ್ಲಿ ಆಕ್ಸ್‌ಫರ್ಡಿಗೆ ಹೋಗುವ ಹೊತ್ತಿಗೆ ಮುಂಬಯಿಯಲ್ಲಿ ಘುರ್ಯೆಯವರ ಶಿಷ್ಯರಾಗಿ ಕೊಡವರನ್ನು ಕುರಿತು ವಿಪುಲವಾದ ಸಾಮಗ್ರಿಯನ್ನು ಸಂಗ್ರಹಿಸಿದ್ದರು. ರ್‍ಯಾಡ್‌ಕ್ಲಿಫ್-ಬ್ರೌನ್, ಅನಂತರ ಇವಾನ್ಸ್-ಪ್ರಿಚರ್ಡ್ ಅವರ ಮಾರ್ಗದರ್ಶನದಲ್ಲಿ ಅದೇ ಸಾಮಗ್ರಿಯನ್ನು ಹೊಸ ದೃಷ್ಟಿಯಿಂದ ಪರಿಶೀಲಿಸಿದರು. ಅದರ ಫಲವಾಗಿ 1952ರಲ್ಲಿ ಬಂದ ಗ್ರಂಥದ ಮೂಲಕ 'ಸಂಸ್ಕೃತೀಕರಣ' ಎಂಬ ಪರಿಕಲ್ಪನೆ ಸಮಾಜಶಾಸ್ತ್ರದ ಜಾಗತಿಕ ಶಬ್ದಕೋಶವನ್ನು ಸೇರಿತು. ಎ.ಕೆ. ರಾಮಾನುಜನ್ 1959ರಲ್ಲಿ ಅಮೆರಿಕಕ್ಕೆ ಹೊರಟಾಗ ಬೆಳಗಾವಿಯ ದಿನಗಳಲ್ಲಿ ಕಲೆಹಾಕಿದ ಜನಪದ ಕಥೆಗಳೂ ಪುಣೆಯ ಡೆಕ್ಕನ್ ಕಾಲೇಜಿನ ಭಾಷಾಶಾಸ್ತ್ರದ ತರಬೇತಿಯೂ ಅವರ ಬಳಿ ಇದ್ದವು. ಇಂಡಿಯಾನಾ ವಿಶ್ವವಿದ್ಯಾನಿಲಯದಿಂದ 1963ರಲ್ಲಿ ಅವರು ಪದವಿ ಪಡೆದದ್ದು ಕನ್ನಡದ ಉತ್ಪಾದಕ ವ್ಯಾಕರಣದ ಮೇಲೆ. ಚಾಮ್‌ಸ್ಕಿಯವರ ಮೊದಲ ಪ್ರಸಿದ್ಧ ಕೃತಿ ಬಂದು ಆಗಿನ್ನೂ ಆರೇ ವರ್ಷವಾಗಿತ್ತು.

ಯು.ಆರ್. ಅನಂತಮೂರ್ತಿಯವರದು ಭಿನ್ನವಾದ ನಿದರ್ಶನ. 1963ರಲ್ಲಿ ಬರ್ಮಿಂಗ್‌ಹ್ಯಾಮಿಗೆ ಹೋದ ಅವರ ಮಹಾಪ್ರಬಂಧದ ವಿಷಯ 1930ರ ದಶಕದ ರಾಜಕೀಯ ಮತ್ತು ಕಾದಂಬರಿ. ಕನ್ನಡಕ್ಕೂ ಅದಕ್ಕೂ ನೇರ ಸಂಬಂಧವಿರಲಿಲ್ಲ. ಆದರೂ 1965ರಲ್ಲಿ ಪ್ರಕಟವಾದ 'ಸಂಸ್ಕಾರ' ಅಲ್ಲಿಯೇ ಬರೆದದ್ದು. ಮಹಾಪ್ರಬಂಧ ಪದವಿಯನ್ನು ತಂದುಕೊಟ್ಟಿತು. ಮನಸ್ಸಿನಲ್ಲಿ ಹೊತ್ತೊಯ್ದ ಅಗ್ರಹಾರ ಕನ್ನಡ ಕಾದಂಬರಿಯ ದಿಕ್ಕನ್ನೇ ಬದಲಿಸಿತು.

ಇದಕ್ಕೆ ಒಂದು ಗಂಭೀರವಾದ ಆಕ್ಷೇಪವಿದೆ. ಕನ್ನಡದ ವಿದ್ಯಾರ್ಥಿ ಕನ್ನಡದ ಸಾಮಗ್ರಿಯನ್ನೇ ಹೊತ್ತೊಯ್ದರೆ ಆತ ಅಲ್ಲಿ ಕೇವಲ ಮಾಹಿತಿದಾರನಾಗುತ್ತಾನೆ, ಸಿದ್ಧಾಂತವನ್ನು ಕಟ್ಟುವವರು ಬೇರೆಯವರೇ ಆಗಿರುತ್ತಾರೆ ಎಂಬುದು ಆ ಆಕ್ಷೇಪ. ಸಗಟು ವ್ಯಾಪಾರದ ಲೆಕ್ಕ ಪೇಟೆಯ ಬಲ್ಲವರಿಗೆ ಗೊತ್ತು: ಮೂಟೆಯಲ್ಲಿ ಮಾರುವವನಿಗೆ ಸಿಗುವ ಬೆಲೆ ಒಂದು, ಅದನ್ನು ಹದಗೊಳಿಸಿ ಹೆಸರಿಟ್ಟು ಮಾರುವವನಿಗೆ ಸಿಗುವ ಬೆಲೆ ಇನ್ನೊಂದು. ವಿದ್ಯೆಯ ಲೋಕದಲ್ಲೂ ಈ ಅಪಾಯ ಇಲ್ಲದಿಲ್ಲ. ಆದರೆ ಅದಕ್ಕೆ ಪರಿಹಾರ ಸಾಮಗ್ರಿಯನ್ನು ಬಿಟ್ಟುಹೋಗುವುದಲ್ಲ, ಸಾಮಗ್ರಿಯ ಜೊತೆಗೆ ಸ್ವಂತ ಪ್ರಶ್ನೆಯನ್ನೂ ಕೊಂಡೊಯ್ಯುವುದು. ಶ್ರೀನಿವಾಸರನ್ನು ಮಾಹಿತಿದಾರರೆಂದು ಯಾರೂ ಕರೆಯಲಿಲ್ಲ. ಹೆಸರಿಡುವ ಕೆಲಸವನ್ನು ಅವರೇ ಮಾಡಿದರು. ಪ್ರಶ್ನೆ ಹುಟ್ಟುವುದಾದರೂ ಪಠ್ಯದೊಡನೆ ದೀರ್ಘಕಾಲ ಒಡನಾಡಿದವರಲ್ಲಿಯೇ.

ಇನ್ನು ಕೆಲವರು, ಎಲ್ಲವೂ ಅಂತರ್ಜಾಲದಲ್ಲಿ ದೊರೆಯುವಾಗ ಇಲ್ಲಿಯೇ ಕಲಿಯುವ ಅಗತ್ಯವೇನು ಎಂದು ಕೇಳುತ್ತಾರೆ. ಮೂಡುಬಿದಿರೆಯ ಧವಲಾ ಟೀಕೆಯ ಓಲೆಪ್ರತಿಗಳನ್ನೇ ನೋಡಿ. ಭಾಷೆ ಮುಖ್ಯವಾಗಿ ಪ್ರಾಕೃತ, ಲಿಪಿ ಹಳೆಯ ಕನ್ನಡ. ಛಾಯಾಚಿತ್ರವನ್ನು ಯಾವ ಖಂಡದಲ್ಲಿ ಕುಳಿತಾದರೂ ನೋಡಬಹುದು. ಅಕ್ಷರವನ್ನು ಗುರುತಿಸುವ ಕಣ್ಣು ಓದಿ ಓದಿಯೇ ಪಳಗಬೇಕು. ಅದನ್ನು ಪಳಗಿಸಬಲ್ಲ ಹಿರಿಯರು ಇನ್ನೂ ಕೆಲವರು ನಮ್ಮ ನಡುವೆ ಇದ್ದಾರೆ. ಹೊರಗಿನವರಿಗೆ ಈ ಸಂಗತಿ ಚೆನ್ನಾಗಿ ತಿಳಿದಿದೆ. ಮ್ಯೂನಿಕ್ ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಕಲಿಸಿದ ರಾಬರ್ಟ್ ಝೈಡೆನ್‌ಬಾಸ್ ಅವರು ವರ್ಷಗಟ್ಟಲೆ ಮೈಸೂರಿನಲ್ಲಿ ನೆಲೆಸಿ ಭಾಷೆಯನ್ನು ಒಲಿಸಿಕೊಂಡವರು. ಹರಿಹರನ ರಗಳೆಗಳನ್ನು ಕುರಿತು ಗಿಲ್ ಬೆನ್-ಹೆರುಟ್ ಅವರ ಇಂಗ್ಲಿಷ್ ಗ್ರಂಥ 2018ರಲ್ಲಿ ಬಂದಿತು. ಅವರು ಇಷ್ಟು ದೂರ ಬಂದು ಕಲಿಯುವುದನ್ನು ನಮ್ಮವರು ಇಲ್ಲಿಂದ ಹೊರಡುವಾಗ ಬಿಟ್ಟುಹೋಗುವುದು ಸೋಜಿಗ.

ಆದರೆ ವಿದ್ಯಾರ್ಥಿಗಳನ್ನಷ್ಟೇ ದೂರಿ ಫಲವಿಲ್ಲ. ಹಳೆಯ ಬೆಂಗಳೂರಿನಲ್ಲಿ ಪಾಠ ಹೇಳುವ ನನಗೆ ಎರಡು ಬಗೆಯ ವಿದ್ಯಾರ್ಥಿಗಳು ಕಾಣುತ್ತಾರೆ. ಪಂಪನ ವೃತ್ತವನ್ನು ಅನ್ವಯಿಸಿ ಅರ್ಥ ಹೇಳಬಲ್ಲ ಕನ್ನಡ ಎಂ.ಎ.ಯವರಿಗೆ, ಹೆಚ್ಚಿನವರು ಮೊದಲ ತಲೆಮಾರಿನ ವಿದ್ಯಾವಂತರಾದ್ದರಿಂದ, ಹೊರದೇಶದ ಅರ್ಜಿ ಎಂದರೇನೆಂದೇ ಯಾರೂ ಹೇಳಿರುವುದಿಲ್ಲ. ಅರ್ಜಿಯ ವಿದ್ಯೆಯಲ್ಲಿ ನುರಿತವರಿಗೆ ಹಳಗನ್ನಡ ತಿಳಿಯದು. ಈ ಎರಡು ಸಾಲುಗಳು ಎಲ್ಲಿಯೂ ಸೇರುವುದಿಲ್ಲ. ಮೊದಲಿನವರು ಹೋಗುವುದಿಲ್ಲ, ಎರಡನೆಯವರು ಕೊಂಡೊಯ್ಯುವುದಿಲ್ಲ. ಇಬ್ಬರಿಂದಲೂ ನಷ್ಟವಾಗುವುದು ಕನ್ನಡ ವಿದ್ವತ್ತಿಗೆ.

ಸಾಧ್ಯವಾದದ್ದನ್ನು ಹೇಳುತ್ತೇನೆ. ಅಮೆರಿಕದ ಬಹುತೇಕ ವಿಭಾಗಗಳಿಗೆ ಅರ್ಜಿ ಸಲ್ಲಿಸುವ ಗಡುವು ಡಿಸೆಂಬರ್ ಸುಮಾರಿಗೆ ಬರುತ್ತದೆ, ತರಗತಿ ಆರಂಭವಾಗುವುದು ಮುಂದಿನ ಆಗಸ್ಟ್ ಇಲ್ಲವೆ ಸೆಪ್ಟೆಂಬರಿನಲ್ಲಿ. ಜರ್ಮನಿಯಲ್ಲಾದರೆ ಸಾಮಾನ್ಯವಾಗಿ ಮೊದಲು ಮಾರ್ಗದರ್ಶಕರನ್ನು ಹುಡುಕಿ ಒಪ್ಪಿಸಬೇಕು. ಆದ್ದರಿಂದ ಎರಡು ವರ್ಷ ಮುಂಚೆಯೇ ತೊಡಗುವುದು ಒಳಿತು. ಆ ಅವಧಿಯಲ್ಲಿ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು ಸೂತ್ರಸೂತ್ರವಾಗಿ ಓದಬೇಕು. ಶ್ರವಣಬೆಳಗೊಳದ ಶಾಸನಸಂಪುಟವನ್ನು ಕ್ಷೇತ್ರದಲ್ಲಿಯೇ ಬಂಡೆಯೊಂದಿಗೆ ಹೋಲಿಸಿ ನೋಡಬೇಕು. ಚಾಮರಾಜಪೇಟೆಯಲ್ಲಿ 1915ರಲ್ಲಿ ಸ್ಥಾಪಿತವಾದ ಕನ್ನಡ ಸಾಹಿತ್ಯ ಪರಿಷತ್ತಿದೆ, ಬಸವನಗುಡಿಯಲ್ಲಿ ಡಿವಿಜಿಯವರು ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯಿದೆ. ಪುಸ್ತಕಗಳು ನಡಿಗೆಯ ದೂರದಲ್ಲಿವೆ. ಜೈನ ಅಧ್ಯಯನಕ್ಕೆ ಹೋಗುವವರು ಜರ್ಮನ್ ಭಾಷೆಯನ್ನೂ ಆರಂಭಿಸಲಿ. ಯಾಕೋಬಿ, ಲಾಯ್ಮನ್, ಶೂಬ್ರಿಂಗ್ ಅವರ ಬರಹಗಳಲ್ಲಿ ಬಹುಭಾಗ ಆ ಭಾಷೆಯಲ್ಲಿದೆ. ಕನ್ನಡ ವಿಭಾಗಗಳು ತಮ್ಮ ಎಂ.ಎ. ತರಗತಿಯಲ್ಲಿ ಇಂಗ್ಲಿಷಿನಲ್ಲಿ ಸಂಶೋಧನಾ ಪ್ರಸ್ತಾವನೆ ಬರೆಯುವುದನ್ನು ಒಂದು ಪತ್ರಿಕೆಯಾಗಿಯೇ ಕಲಿಸಬೇಕು. ಅದು ಕನ್ನಡಕ್ಕೆ ಬಗೆಯುವ ದ್ರೋಹವಲ್ಲ, ಕನ್ನಡದ ವಿದ್ಯಾರ್ಥಿಗೆ ಸಲ್ಲಬೇಕಾದ ನ್ಯಾಯ.

ವಿಮಾನದವರು ಪೆಟ್ಟಿಗೆಯ ತೂಕವನ್ನು ಮಿತಿಗೊಳಿಸಬಹುದು. ತಲೆಯಲ್ಲಿ ಕೊಂಡೊಯ್ಯುವ ವಿದ್ಯೆಗೆ ಯಾವ ಮಿತಿಯೂ ಇಲ್ಲ. ಹೋಗುವವರು ಧಾರಾಳವಾಗಿ ಹೋಗಲಿ, ಮರಳುವುದೂ ಬಿಡುವುದೂ ಅವರವರ ಬದುಕಿಗೆ ಬಿಟ್ಟದ್ದು. ಆದರೆ ಹಳಗನ್ನಡದ ಒಂದಾದರೂ ಕೃತಿಯನ್ನು ಆಮೂಲಾಗ್ರವಾಗಿ ಓದಿ, ಅದು ಎಬ್ಬಿಸಿದ ಒಂದು ಪ್ರಶ್ನೆಯೊಂದಿಗೆ ಹೋಗಲಿ.