ಕುಗ್ಗಿದ ಪೆಟ್ಟಿಗೆ, ಕರಗಿದ ಒಡೆತನ

1990ರ ದಶಕದಲ್ಲಿ ಅಮೆರಿಕದ ಮಳಿಗೆಗಳಲ್ಲಿ ಕಂಪ್ಯೂಟರ್ ಗೇಮ್ ಎಂದರೆ ರಟ್ಟಿನ ದೊಡ್ಡ ಪೆಟ್ಟಿಗೆ. ಒಳಗೆ ಡಿಸ್ಕ್‌ಗಳ ಜತೆಗೆ ದಪ್ಪನೆಯ ಕೈಪಿಡಿ. 'ಅಲ್ಟಿಮಾ' ಸರಣಿಯಲ್ಲಂತೂ ಬಟ್ಟೆಯ ಮೇಲೆ ಮುದ್ರಿಸಿದ ನಕ್ಷೆಯೂ ಇರುತ್ತಿತ್ತು.

ಕಪಾಟಿನ ಜಾಗ ಉಳಿಸಲು ಚಿಲ್ಲರೆ ಮಾರಾಟಗಾರರು ಪಟ್ಟು ಹಿಡಿದ ಪರಿಣಾಮ, 2000ದ ನಂತರ ಪೆಟ್ಟಿಗೆಯು ಡಿವಿಡಿ ಗಾತ್ರಕ್ಕೆ ಇಳಿಯಿತು. ಆಗ ಬದಲಾದದ್ದು ಗಾತ್ರ ಮಾತ್ರ. ನಿಜವಾದ ತಿರುವು ಬಂದದ್ದು 2004ರಲ್ಲಿ. ಆ ವರ್ಷ ಬಿಡುಗಡೆಯಾದ 'ಹಾಫ್-ಲೈಫ್ 2' ಆಟದ ಡಿಸ್ಕ್ ಕೈಯಲ್ಲಿದ್ದರೂ, ಅಂತರ್ಜಾಲದಲ್ಲಿ 'ಸ್ಟೀಮ್' ಖಾತೆ ತೆರೆಯದೆ ಆಡುವಂತಿರಲಿಲ್ಲ. ಬಳಿಕ ಡಿಸ್ಕೂ ಮರೆಯಾಗಿ, ಹಲವು ಪೆಟ್ಟಿಗೆಗಳಲ್ಲಿ ಉಳಿದದ್ದು ಕೋಡ್ ಮುದ್ರಿಸಿದ ಚೀಟಿ ಮಾತ್ರ.

ಹಳೆಯ ಪೆಟ್ಟಿಗೆಯನ್ನು ಆಡಿ ಮುಗಿಸಿದ ಮೇಲೆ ಇನ್ನೊಬ್ಬರಿಗೆ ಮಾರಬಹುದಿತ್ತು. ಸ್ಟೀಮ್ ಖಾತೆಗೆ ಜೋಡಿಸಿದ ಆಟಕ್ಕೆ ಆ ಅವಕಾಶವಿಲ್ಲ. ಶಾಶ್ವತವಾಗಿ ಇಟ್ಟುಕೊಳ್ಳಲಾಗದ ಡಿಜಿಟಲ್ ಆಟವನ್ನು 'ಖರೀದಿ' ಎಂದು ಮಾರುವವರು, ಗ್ರಾಹಕನಿಗೆ ದೊರೆಯುವುದು ಪರವಾನಗಿಯಷ್ಟೇ ಎಂದು ಸ್ಪಷ್ಟಪಡಿಸಬೇಕೆಂಬ ಕಾನೂನು ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಂದು ಜಾರಿಗೆ ಬಂದಿದೆ.

ಪೆಟ್ಟಿಗೆಯ ಹೊರನೋಟ ಇಂದಿಗೂ ಸರಕಿನದೇ. ಹಣ ತೆರುವ ಮುನ್ನ ಮುಂಬದಿಯ ಚಿತ್ರಕ್ಕಿಂತ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದುವುದು ಒಳಿತು.