‘ತಕ್’ ಗೊತ್ತು, ಹಲಸೂರು ಗೊತ್ತಿಲ್ಲ

ಮಾಸ್ಟರ್ಸ್‌ಗೆ ಸ್ವೀಡನ್ ಅಂತ ಕನಸು ಕಾಣೋ ನಾವು ಸ್ಟಾಕ್‌ಹೋಮ್ ರೀತಿ-ರಿವಾಜನ್ನೆಲ್ಲ ಈಗಲೇ ಓದಿಕೊಂಡಿದ್ದೇವೆ. ಥ್ಯಾಂಕ್ಸ್ ಅನ್ನೋಕೆ ‘ತಕ್’. ಜೊತೆಗೆ ಕೂತು ಕಾಫಿ ಕುಡಿಯೋದು ‘ಫೀಕಾ’. ಮನೆಯೊಳಗೆ ಹೋಗುವಾಗ ಶೂ ಬಿಚ್ಚಬೇಕು. ಇದನ್ನಂತೂ ನಮ್ಮಜ್ಜಿಯರೇ ಹೇಳಿಕೊಟ್ಟಿದ್ದಾರೆ!

ಆದರೆ ಕೆ.ಆರ್. ಪುರದಿಂದ ನೇರಳೆ ಮೆಟ್ರೋ ಹತ್ತಿ ಇಂದಿರಾನಗರದಲ್ಲಿ ಇಳಿಯುವ ನಾವು, ಮುಂದಿನ ಸ್ಟೇಷನ್ ಹಲಸೂರಿನ ಸೋಮೇಶ್ವರ ದೇವಸ್ಥಾನ ನೋಡಿಲ್ಲ. ಶಿವಾಜಿನಗರದ ಬೆಸಿಲಿಕಾದಲ್ಲಿ ಸೆಪ್ಟೆಂಬರ್ 8ರ ಹಬ್ಬಕ್ಕೆ ಸೀರೆ ಉಟ್ಟ ಮೇರಿ ಮಾತೆಯ ತೇರು ಹೊರಡೋದೂ ಗೊತ್ತಿಲ್ಲ. ಕೆಫೆಯವರು ಕನ್ನಡದಲ್ಲಿ ಕೇಳಿದರೂ ನಮ್ಮ ಉತ್ತರ ಇಂಗ್ಲಿಷಲ್ಲೇ.

‘ತಕ್’ ಕಲಿಯೋದು ತಪ್ಪಲ್ಲ. ಅದು ಆ ಊರಿಗೆ ಕೊಡೋ ಮರ್ಯಾದೆ. ಅದನ್ನೇ ನಮ್ಮೂರಿಗೂ ಕೊಡೋಣ. ಈ ಭಾನುವಾರ ಒಂದು ಸ್ಟೇಷನ್ ಮುಂದೆ ಇಳಿಯೋಣ. ಬೈಟು ಕಾಫಿ ಕನ್ನಡದಲ್ಲೇ ಕೇಳೋಣ.